ಅಡಿಗೆಕಟ್ಟೆಯ ಕಲ್ಲು: ಅದರ ಪೂರ್ವವೃತ್ತಾಂತವೂ ರಕ್ಷಣೆಯ ಕ್ರಮವೂ

ಯಾವದೊಂದು ನಾಡಿನ ಇತಿಹಾಸವನ್ನು ಅರಿತುಕೊಳ್ಳಬೇಕಾದರೆ ಅರಸರ ವಂಶಾವಳಿಯನ್ನೂ ಕಾಳಗಗಳ ತೇದಿಗಳನ್ನೂ ಬಾಯಿಪಾಠ ಮಾಡಿದರೆ ಸಾಲದು. ಆ ನಾಡಿನ ಜನರು ಏನನ್ನು ಉಂಡರು, ಎಲ್ಲಿ ಬೇಯಿಸಿದರು, ಬೇಯಿಸಿದ ಸ್ಥಳವನ್ನು ಹೇಗೆ ಶುಚಿಯಾಗಿಟ್ಟುಕೊಂಡರು ಎಂಬದನ್ನೂ ವಿಚಾರಿಸಬೇಕಾಗುವದು. ಅರಮನೆಗಳು ಬಿದ್ದುಹೋದವು, ಬಡವನ ಒಲೆಯು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಉರಿಯುತ್ತಲೇ ಬಂದಿತು. ಆದರೂ ನಮ್ಮ ಇತಿಹಾಸಕಾರರ ದೃಷ್ಟಿಯು ಅಡಿಗೆಯ ಮನೆಯ ಹೊಸ್ತಿಲನ್ನು ದಾಟಿದ್ದು ವಿರಳ. ಪ್ರಕೃತ ಲೇಖನದಲ್ಲಿ ಆ ಹೊಸ್ತಿಲನ್ನು ದಾಟಿ, ಇಂದು ಪಟ್ಟಣ ಹಳ್ಳಿಯೆನ್ನದೆ ಅನೇಕ ಮನೆಗಳನ್ನು ಹೊಕ್ಕಿರುವ ಗ್ರಾನೈಟ್ ಕಲ್ಲಿನ ಅಡಿಗೆಕಟ್ಟೆಯ ಪೂರ್ವವೃತ್ತಾಂತವನ್ನೂ, ಅದನ್ನು ಕಾಪಾಡುವ ಕ್ರಮವನ್ನೂ ಯಥಾಮತಿ ನಿರೂಪಿಸುವೆವು.

ಈ ವಿಚಾರವನ್ನು ಆಡೂರಿನಿಂದ ಪ್ರಾರಂಭಿಸುವದು ಯೋಗ್ಯವು. ಹಾನಗಲ್ಲ ತಾಲೂಕಿನ ಈ ಗ್ರಾಮದ ಹೆಸರು ಶಾಸನಾಭ್ಯಾಸಿಗಳಿಗೆ ಅಪರಿಚಿತವಾದುದಲ್ಲ. ಬಾದಾಮಿಯ ಚಲುಕ್ಯ ವಂಶದ ಕೀರ್ತಿವರ್ಮನ ಹೆಸರುಳ್ಳ ಇಲ್ಲಿಯ ಶಿಲಾಶಾಸನವನ್ನು ಜೆ. ಎಫ್. ಫ್ಲೀಟ್ ಸಾಹೇಬರು 1882ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯ 11ನೆಯ ಸಂಪುಟದಲ್ಲಿ ಪ್ರಕಟಿಸಿದರು. ಅದರ ಒಂದು ಭಾಗವು ಸಂಸ್ಕೃತದಲ್ಲಿಯೂ ಇನ್ನೊಂದು ಭಾಗವು ಹಳಗನ್ನಡದಲ್ಲಿಯೂ ಇರುವದು. ಊರ ಗಾಮುಂಡನೊಬ್ಬನು ಕಟ್ಟಿಸಿದ ಜಿನಾಲಯದ ದಾನಶಾಲೆಗೂ ಇತರ ಕಾರ್ಯಗಳಿಗೂ ಹೊಲವನ್ನು ಬಿಟ್ಟ ಸಂಗತಿಯು ಸಂಸ್ಕೃತ ಭಾಗದಲ್ಲಿದೆ. ಸಿಂದರಸನು ಪಾಂಡೀಪುರವನ್ನು ಆಳುತ್ತಿರಲಾಗಿ ಗಾಮುಂಡರು ಕೂಡಿ, ಕರ್ಮಗಲೂರಿನ ಪಡುವಲಲ್ಲಿ ರಾಜಮಾನದಿಂದ ಎಂಟು ಮತ್ತರು ಗದ್ದೆಯನ್ನು ಜಿನೇಂದ್ರನ ನೈವೇದ್ಯ, ಅಕ್ಷತೆ, ಗಂಧ, ಪುಷ್ಪಗಳಿಗಾಗಿ ಕೊಟ್ಟ ಸಂಗತಿಯು ಕನ್ನಡ ಭಾಗದಲ್ಲಿದೆ. ದಾನವೆಂದರೆ ನಮ್ಮ ನಾಡಿನಲ್ಲಿ ಮೊದಲು ನೆನಪಾಗುವದು ಅನ್ನದಾನವು. ಗದ್ದೆಯೆಂದರೆ ನೆಲ್ಲು, ನೆಲ್ಲೆಂದರೆ ಅಕ್ಕಿ. ಆ ಅಕ್ಕಿಯನ್ನು ಬೇಯಿಸಿದ ಒಲೆಗಳು ಮಣ್ಣಾಗಿ ಹೋದವು. ಆದರೆ ಅದರ ಮಾತನ್ನು ಹೊತ್ತ ಕಲ್ಲು ಹನ್ನೆರಡು ಶತಮಾನಗಳಿಗೂ ಮಿಕ್ಕಿ ಬಾಳಿದೆ. ಕಲ್ಲು ತಾನಾಗಿ ಬಾಳುವದೋ, ಬಾಳಿಸಿದರೆ ಬಾಳುವದೋ ಎಂಬ ಪ್ರಶ್ನೆಯು ಇಲ್ಲಿಂದಲೇ ಹುಟ್ಟುವದು.

ನಮ್ಮ ಅಜ್ಜಿ ಮುತ್ತಜ್ಜಿಯರ ಕಾಲದ ಅಡಿಗೆಯ ಮನೆಯಲ್ಲಿ ಒಲೆಯು ನೆಲದ ಮೇಲೆಯೇ ಇರುತ್ತಿತ್ತು. ಅಡಿಗೆ ಮಾಡುವವಳು ಕುಳಿತೇ ಮಾಡಬೇಕು. ಒಲೆಯೂ ನೆಲವೂ ಮಣ್ಣಿನವು. ಮಣ್ಣು ನೀರನ್ನೂ ಎಣ್ಣೆಯನ್ನೂ ಹೀರುವದು, ಬಿರಿಯುವದು, ಧೂಳಾಗುವದು. ಇದಕ್ಕೆ ನಮ್ಮ ಹೆಣ್ಣುಮಕ್ಕಳು ಕಂಡುಕೊಂಡ ಉಪಾಯವೇ ಸಾರಣೆಯು. ಸೆಗಣಿಯನ್ನೋ ಕೆಮ್ಮಣ್ಣನ್ನೋ ನೀರಿನಲ್ಲಿ ಕಲಸಿ ತೆಳುವಾಗಿ ಬಳಿದರೆ ಅದು ನೆಲದ ಸಣ್ಣ ರಂಧ್ರಗಳಲ್ಲಿ ಕುಳಿತು, ಒಣಗಿ, ಮೇಲ್ಮೈಯನ್ನು ಬಿಗಿ ಮಾಡುವದು. ಆ ಲೇಪವು ಸವೆಯತಕ್ಕದ್ದೇ. ಸವೆದಂತೆ ಮತ್ತೆ ಬಳಿಯತಕ್ಕದ್ದೇ. ನೆಲವನ್ನು ಕಾಯುವದಕ್ಕಾಗಿ ಲೇಪವು ತಾನು ಸವೆಯುವದು. ಇದೇ ಸಾರಣೆಯ ತತ್ವವು. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು. ಗ್ರಾನೈಟಿನ ಪ್ರಸಂಗದಲ್ಲಿ ಇದೇ ಮಾತು ಬೇರೆ ವೇಷದಿಂದ ಮತ್ತೆ ಬರುವದು.

ಆ ಅಡಿಗೆಯ ಮನೆಯಲ್ಲಿ ಕಲ್ಲು ಇರಲಿಲ್ಲವೆಂದಲ್ಲ. ಬೀಸುವ ಕಲ್ಲು, ಒರಳು, ರುಬ್ಬುಗುಂಡು ಇವೆಲ್ಲ ಕಲ್ಲುಗಳೇ. ಆದರೆ ಅವುಗಳ ಧರ್ಮವು ಬೇರೆ: ಅವು ಒರಟಾಗಿದ್ದರೇ ಕೆಲಸಕ್ಕೆ ಬರುವವು. ಹೊಸ ಬೀಸುವ ಕಲ್ಲಿನಲ್ಲಿ ಮೊದಲು ತೌಡನ್ನೋ ಕೀಳು ಕಾಳನ್ನೋ ಬೀಸಿ ಚೆಲ್ಲಿ, ಕಲ್ಲಿನ ಹುಡಿಯೆಲ್ಲ ಹೋಯಿತೆಂದು ಖಾತ್ರಿ ಮಾಡಿಕೊಂಡ ಬಳಿಕವೇ ಉಣ್ಣುವ ಜೋಳವನ್ನು ಹಾಕುತ್ತಿದ್ದರು. ಬೀಸಿ ಬೀಸಿ ನುಣುಪಾದಾಗ ಊರಿಗೆ ಬಂದ ಕಲ್ಲುಕುಟಿಗನನ್ನು ಕರೆದು ಉಳಿಯಿಂದ ಕಚ್ಚು ಹೊಡೆಸುತ್ತಿದ್ದರು. ಅಂದರೆ ಯಾವ ಕಲ್ಲಿಗೆ ಯಾವ ಉಪಚಾರವೆಂಬ ವಿವೇಕವು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇತ್ತು. ಅದು ಪುಸ್ತಕದಲ್ಲಿ ಇರಲಿಲ್ಲ, ಕೈಯಲ್ಲಿತ್ತು.

ಇದೇ ವಿವೇಕವು ನಮ್ಮ ಶಿಲ್ಪಿಗಳಲ್ಲಿಯೂ ಇತ್ತೆಂಬದಕ್ಕೆ ದೇವಾಲಯಗಳೇ ಸಾಕ್ಷಿ. ಬಾದಾಮಿಯ ಚಲುಕ್ಯರು ಅಲ್ಲಿಯ ಕೆಂಪು ಮರಳುಗಲ್ಲಿನಲ್ಲಿ ಗುಹೆಗಳನ್ನು ಕೊರೆಸಿದರು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬರುವಷ್ಟರಲ್ಲಿ ನಮ್ಮ ಭಾಗದ ಶಿಲ್ಪಿಗಳು ಬಳಪದ ಕಲ್ಲಿನ ಜಾತಿಯ ಸೂಕ್ಷ್ಮಕಣದ ಕಲ್ಲನ್ನು ಹಿಡಿದರು. ಇದು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿರುಸಾಗುವದು. ಹಾನಗಲ್ಲಿನ ತಾರಕೇಶ್ವರನ ಗುಡಿಯಲ್ಲಿ ಕಮಲದ ಭುವನೇಶ್ವರಿಯನ್ನು ತಲೆಯೆತ್ತಿ ನೋಡಿದವರಿಗೆ ಈ ಆಯ್ಕೆಯ ಜಾಣ್ಮೆಯು ಮನಗಾಣುವದು. ನಮ್ಮ ಕಾಲ ಕೆಳಗಿನ ಈ ಪ್ರಾಚೀನ ಶಿಲೆಗಳಿಗೆ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞರು 1880ರ ದಶಕದಲ್ಲಿ ‘ಧಾರವಾಡ’ದ ಹೆಸರನ್ನೇ ಕೊಟ್ಟರು, ಹೀಗೆ ನಮ್ಮ ಸೀಮೆಯ ಹೆಸರು ಜಗತ್ತಿನ ಭೂಗರ್ಭಶಾಸ್ತ್ರದಲ್ಲಿ ಸೇರಿಹೋಯಿತು.

ಗ್ರಾನೈಟೆಂಬುದು ಇದಕ್ಕಿಂತ ಬೇರೆಯಾದ ಕಲ್ಲು. ಭೂಮಿಯ ಆಳದಲ್ಲಿ ಕರಗಿದ ಶಿಲಾರಸವು ಬಹು ಮೆಲ್ಲನೆ ಆರಿ, ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಮುಂತಾದವುಗಳ ಹರಳುಗಳು ಒಂದರೊಳಗೊಂದು ಹೆಣೆದುಕೊಂಡಾಗ ಇದು ಹುಟ್ಟುವದು. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆಯೆಂಬ ಹೆಸರನ್ನು ಹೊತ್ತ ಗ್ರಾನೈಟಿನ ಪಟ್ಟಿಯು ಕರ್ನಾಟಕದ ನಡುವೆ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರು ಚಾಚಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷಗಳು. ಈ ಜಾತಿಯ ಕಲ್ಲಿನ ತಾಳಿಕೆಗೆ ಎರಡು ಸಾಕ್ಷಿಗಳನ್ನು ಹೇಳಿದರೆ ಸಾಕು. ಬಿಹಾರದ ಬರಾಬರ ಗುಡ್ಡದಲ್ಲಿ ಕ್ರಿ. ಪೂ. 3ನೆಯ ಶತಮಾನದಲ್ಲಿ, ಅಶೋಕನ ಕಾಲದಲ್ಲಿ, ಗ್ರಾನೈಟಿನೊಳಗೆ ಕೊರೆದ ಗುಹೆಗಳ ಗೋಡೆಗಳು ಇಂದಿಗೂ ಕನ್ನಡಿಯಂತೆ ಹೊಳೆಯುವವು. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಸುಮಾರು ಕ್ರಿ. ಶ. 981ರಲ್ಲಿ ನಿಲ್ಲಿಸಿದ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕದ ಕಾಲದಲ್ಲಿ ಹಾಲು, ಕಬ್ಬಿನ ರಸ, ಅರಿಷಿಣ, ಚಂದನಗಳನ್ನು ಸುರಿಯುವರು. 2018ರಲ್ಲಿಯೂ ಹೀಗೆಯೇ ನಡೆಯಿತು. ಅಡಿಗೆಯ ಮನೆಯಲ್ಲಿ ಕಲೆ ಮಾಡುವ ಪದಾರ್ಥಗಳಲ್ಲಿ ಹಲವನ್ನು ಆ ಮಹಾಮೂರ್ತಿಯು ಸಾವಿರ ವರ್ಷಗಳಿಂದ ತಲೆಯ ಮೇಲೆ ಹೊತ್ತಿದೆ. ಸುರಿದದ್ದು ಅಲ್ಲಿಯೇ ಒಣಗಿ ನಿಲ್ಲದಂತೆ ತೊಳೆಯುವದೇ ಅದರ ಗುಟ್ಟು. ಮನೆಯ ಕಟ್ಟೆಗೂ ಇದಕ್ಕಿಂತ ದೊಡ್ಡ ಉಪದೇಶವು ಬೇಕಾಗಿಲ್ಲ.

ಆದರೆ ನಮ್ಮ ಜಿಲ್ಲೆಯ ಮನೆಗಳಿಗೆ ಮೊದಲು ಬಂದ ಹಾಸುಗಲ್ಲು ಗ್ರಾನೈಟಲ್ಲ, ಶಹಾಬಾದಿನ ಫರಸಿ. ಕಲಬುರಗಿ ಜಿಲ್ಲೆಯ ಭೀಮಾ ತೀರದ ಈ ಕಲ್ಲು ಪದರು ಪದರಾಗಿ ಏಳುವದು. ಆದುದರಿಂದ ಅಗ್ಗವಾಗಿ ದೊರೆತು ಅಂಗಳ, ಪಡಸಾಲೆ, ಬಚ್ಚಲುಗಳಲ್ಲೆಲ್ಲ ಹಾಸಲ್ಪಟ್ಟಿತು. ನಿಂತು ಅಡಿಗೆ ಮಾಡುವ ಪದ್ಧತಿಯು ಬಂದಾಗ ಕಟ್ಟೆಯ ಮೇಲೂ ಅದನ್ನೇ, ಇಲ್ಲವೆ ಕಡಪದ ಕರಿಯ ಕಲ್ಲನ್ನೇ ಹಾಕಿದರು. ಇವೆರಡೂ ಸುಣ್ಣಗಲ್ಲಿನ ಜಾತಿಯವು. ಹುಣಿಸೆಯ ಹುಳಿಯೂ ಲಿಂಬೆಯ ಹುಳಿಯೂ ಮಜ್ಜಿಗೆಯ ಹುಳಿಯೂ ಸುಣ್ಣವನ್ನು ತಿನ್ನುವವು. ಹುಣಿಸೆಹಣ್ಣು ಹಚ್ಚಿ ಹಿತ್ತಾಳೆಯ ತಂಬಿಗೆಯನ್ನು ತಿಕ್ಕಿದರೆ ತಂಬಿಗೆಯು ಬೆಳಗುವದು; ಅದೇ ಹುಳಿಯು ಫರಸಿಯ ಮೇಲೆ ನಿಂತರೆ ಕಲ್ಲು ಮಂಕಾಗುವದು. ಇಂಥ ಮಂಕು ಕಲೆಯಲ್ಲ, ಗಾಯವು. ತೊಳೆದರೆ ಹೋಗದು, ಮತ್ತೆ ಉಜ್ಜಿ ನುಣುಪು ಮಾಡಿಸಬೇಕು.

ಒಲೆಯು ನೆಲದಿಂದ ಮೇಲಕ್ಕೇರಿದ್ದಕ್ಕೆ ಮುಖ್ಯ ಕಾರಣವು ಗ್ಯಾಸು. ಸೌದೆಯ ಒಲೆಯನ್ನು ಕಟ್ಟೆಯ ಮೇಲೆ ಇಡುವದು ಕಷ್ಟ. ಗ್ಯಾಸಿನ ಒಲೆಯಾದರೋ ಸಿಲಿಂಡರಿಗಿಂತ ಎತ್ತರದಲ್ಲಿಯೇ ಇರತಕ್ಕದ್ದು. ಪಟ್ಟಣಗಳಲ್ಲಿ ಮೊದಲು ಹರಡಿದ ಈ ಪದ್ಧತಿಯು, 2016ರಲ್ಲಿ ಕೇಂದ್ರ ಸರಕಾರದ ಉಜ್ವಲಾ ಯೋಜನೆಯು ಪ್ರಾರಂಭವಾದ ಮೇಲೆ ಬಡವರ ಮನೆಗಳಿಗೂ ತಲುಪಿತು. ಇದಕ್ಕೂ ಮೊದಲಿನಿಂದಲೇ ವಜ್ರದ ಹರಳು ಕೂಡಿಸಿದ ಗರಗಸಗಳಿಂದ ಗಟ್ಟಿ ಕಲ್ಲನ್ನು ಹಲಗೆಯಂತೆ ಸೀಳುವ ಯಂತ್ರಗಳು ಬಂದು, ಇಳಕಲ್ಲಿನ ಕೆಂಪು, ಕನಕಪುರದ ಬಣ್ಣಬಣ್ಣದ ಮತ್ತು ಚಾಮರಾಜನಗರದ ಕರಿಯ ಕಲ್ಲುಗಳು ಪರದೇಶಗಳಿಗೂ ನಮ್ಮೂರ ಅಂಗಡಿಗಳಿಗೂ ಹೋಗತೊಡಗಿದ್ದವು. ಹೀಗೆ ಬೆನ್ನು ಬಾಗಿಸಿ ಕುಳಿತಿದ್ದ ತಾಯಿಯು ಎದ್ದು ನಿಂತಳು. ಇದು ಸಣ್ಣ ಸುಧಾರಣೆಯಲ್ಲ. ನಮ್ಮ ಅಡಿಗೆಯ ಮನೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪಲ್ಲಟವು ಇನ್ನೊಂದಿಲ್ಲ.

ಆದರೆ ಈ ಪಲ್ಲಟದಲ್ಲಿ ಹಳೆಯ ವಿವೇಕವೊಂದು ಕಳೆದುಹೋಯಿತೆಂದು ಹೇಳಬೇಕಾಗಿದೆ. ಕಲ್ಲು ದೂರದಿಂದ ಬಂದ ಅತಿಥಿಯಾದುದರಿಂದ ಅದರ ಕುಲಗೋತ್ರಗಳು ಮನೆಯವರಿಗೆ ತಿಳಿಯವು. ವ್ಯಾಪಾರದ ಭಾಷೆಯಲ್ಲಿ ಹೊಳಪು ಕೊಟ್ಟ ಗಟ್ಟಿ ಕಲ್ಲೆಲ್ಲವೂ ‘ಗ್ರಾನೈಟ್’ ಆಗಿದೆ. ಚಾಮರಾಜನಗರದ ಕರಿಯ ಕಲ್ಲು ಶಾಸ್ತ್ರದೃಷ್ಟಿಯಿಂದ ಗ್ರಾನೈಟೇ ಅಲ್ಲ, ಡಾಲರೈಟು. ಅದು ಬಹಳ ಒತ್ತಾದ ಕಲ್ಲು, ನೀರನ್ನು ಹೆಚ್ಚಾಗಿ ಹೀರುವದೇ ಇಲ್ಲ. ತಿಳಿ ಬಣ್ಣದ ದೊಡ್ಡ ಹರಳಿನ ಗ್ರಾನೈಟುಗಳು ಕೆಲಮಟ್ಟಿಗೆ ಹೀರುವವು. ಒಳ್ಳೆಯ ಗ್ರಾನೈಟಾದರೆ ನೂರು ತೂಕದ ಕಲ್ಲಿಗೆ ಅರ್ಧ ತೂಕದಷ್ಟೂ ನೀರು ಹಿಡಿಯದು. ಆದರೆ ಕಲೆ ಬೀಳುವದಕ್ಕೆ ಅಷ್ಟು ಎಣ್ಣೆಯೂ ಬೇಡ.

ನಮ್ಮ ಬಳಗದ ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳುವೆವು. ಅಚ್ಚ ಕಪ್ಪು ಗ್ರಾನೈಟೆಂದು ಕಡಿಮೆ ಬೆಲೆಗೆ ಕೊಂಡು ಕಟ್ಟೆಗೆ ಹಾಕಿಸಿದರು. ಆರು ತಿಂಗಳಲ್ಲಿ ಪಾತ್ರೆ ತೊಳೆಯುವ ತೊಟ್ಟಿಯ ಸುತ್ತಲೂ ಬೂದು ಬಣ್ಣದ ಮಚ್ಚೆಗಳೆದ್ದವು. ರಕ್ಷಣೆಯ ಲೇಪವು ಸಾಲದೆಂದು ಅಂಗಡಿಯಿಂದ ಸೀಲರನ್ನು ತಂದು ಎರಡು ಸಲ ಬಳಿದರು. ಕಟ್ಟೆಯು ಜಿಗಟಾಯಿತೇ ಹೊರತು ಮಚ್ಚೆಯು ಹೋಗಲಿಲ್ಲ. ಕೊನೆಗೆ ಬಿಳಿಯ ಅರಿವೆಗೆ ಅಸಿಟೋನ್ ಹಚ್ಚಿ ಮೂಲೆಯಲ್ಲಿ ಉಜ್ಜಿದಾಗ ಅರಿವೆಯು ಕರಿದಾಯಿತು. ಬೂದು ಕಲ್ಲಿಗೆ ಬಣ್ಣ ಹಚ್ಚಿ ಮಾರಿದ್ದರೆಂಬದು ಆಗ ಬೈಲಿಗೆ ಬಂದಿತು. ವರ್ಷದ ಉಳಿತಾಯವೆಲ್ಲ ಆ ಕಟ್ಟೆಗೆ ಹೋಗಿತ್ತು. ‘ಕಲ್ಲಿನದೇನು ತಪ್ಪು? ಕೇಳದೆ ತಂದವರು ನಾವು’ ಎಂದು ಮನೆಯ ಹಿರಿಯಳು ಅಂದ ಮಾತೇ ಈ ಲೇಖನಕ್ಕೆ ಪ್ರೇರಣೆಯಾಯಿತು.

ಆದುದರಿಂದ ಕಲ್ಲನ್ನು ಕೊಳ್ಳುವ ಮುಂಚೆ ಮಾದರಿಯ ತುಂಡೊಂದನ್ನು ಕೇಳಿ ತಂದು ಮೂರು ಪರೀಕ್ಷೆಗಳನ್ನು ಮಾಡತಕ್ಕದ್ದು. ಒಂದು, ಅಸಿಟೋನಿನಿಂದ ಉಜ್ಜಿ ಬಣ್ಣವು ಬಿಡುವದೋ ನೋಡುವದು. ಎರಡು, ಲಿಂಬೆಯ ರಸದ ಒಂದು ಹನಿಯನ್ನು ಐದು ಮಿನಿಟು ಇಟ್ಟು ಒರಸುವದು. ಹೊಳಪು ಹೋಗಿ ಮಚ್ಚೆಯಾದರೆ ಅದರಲ್ಲಿ ಸುಣ್ಣವುಂಟು, ಅದು ನಿಜವಾದ ಗ್ರಾನೈಟಲ್ಲ. ಮೂರು, ನೀರಿನ ಹನಿಯನ್ನು ಹತ್ತು ಹದಿನೈದು ಮಿನಿಟು ಬಿಡುವದು; ಕೆಳಗಿನ ಕಲ್ಲು ಕಪ್ಪಾದರೆ ಅದು ಹೀರುವ ಕಲ್ಲು, ಅದಕ್ಕೆ ಸೀಲರು ಬೇಕು. ಕಪ್ಪಾಗದಿದ್ದರೆ ಬೇಡ, ಬೇಡದ ಕಲ್ಲಿಗೆ ಬಳಿದರೆ ಆ ದ್ರವವು ಒಳಗಿಳಿಯದೆ ಮೇಲೆಯೇ ನಿಂತು ಮಸುಕು ಮಾಡುವದು.

ಈ ಸೀಲರೆಂಬ ವಸ್ತುವಿಗೂ ಒಂದು ಇತಿಹಾಸವುಂಟು. ಲಂಡನ್ನಿನ ಪಾರ್ಲಿಮೆಂಟ್ ಭವನದ ಸುಣ್ಣಗಲ್ಲು ಕಟ್ಟಿದ ಕೆಲವೇ ವರ್ಷಗಳಲ್ಲಿ ಉದುರತೊಡಗಿದಾಗ, ಹಾಫ್‌ಮನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು 1861ರಲ್ಲಿ ಸಿಲಿಕಾದಿಂದಾದ ದ್ರವವೊಂದನ್ನು ಕಲ್ಲಿಗೆ ಕುಡಿಸಬಹುದೆಂದು ಸೂಚಿಸಿದರು. ಮುಂದೆ ನಾಟಿಂಗ್‌ಹ್ಯಾಮಿನ ಕಿಪ್ಪಿಂಗ್ ಎಂಬ ಪಂಡಿತರು 20ನೆಯ ಶತಮಾನದ ಆದಿಯಲ್ಲಿ ಸಿಲಿಕಾನಿನ ಸಂಯುಕ್ತಗಳನ್ನು ಶೋಧಿಸಿ ‘ಸಿಲಿಕೋನ್’ ಎಂಬ ಹೆಸರನ್ನು ರೂಢಿಗೆ ತಂದರು. ಇಂದು ಅಂಗಡಿಯಲ್ಲಿ ದೊರೆಯುವ ಒಳಗಿಳಿಯುವ ಸೀಲರುಗಳಲ್ಲಿ ಬಹಳಷ್ಟು ಸಿಲೇನ್, ಸಿಲಾಕ್ಸೇನ್ ಎಂಬ ಇದೇ ಕುಲದವು. ಇವು ರಂಧ್ರಗಳ ಒಳಗೋಡೆಗೆ ಅಂಟಿಕೊಂಡು, ಕೆಸುವಿನ ಎಲೆಯ ಮೇಲೆ ನೀರು ನಿಲ್ಲದಂತೆ, ನೀರನ್ನು ಜಾರಿಸಿಬಿಡುವವು. ಇವು ಕಲ್ಲನ್ನು ಅಭೇದ್ಯವಾಗಿ ಮಾಡುವವೆಂದು ತಿಳಿಯಕೂಡದು. ಚೆಲ್ಲಿದ್ದನ್ನು ಒರಸುವದಕ್ಕೆ ನಮಗೆ ಸ್ವಲ್ಪ ಹೊತ್ತನ್ನು ಗಳಿಸಿಕೊಡುವವು, ಅಷ್ಟೇ. ದಿನದಿನದ ಬಳಕೆಯಿಂದ ಇವೂ ಸವೆಯುವವು. ವಾಚಕರಿಗೆ ಸಾರಣೆಯ ಮಾತು ಇಲ್ಲಿ ನೆನಪಾಗಬೇಕು.

ಬಳಿಯುವ ಕ್ರಮವು ಹೀಗೆ. ಕಟ್ಟೆಯನ್ನು ಸೌಮ್ಯವಾದ ಸೋಪಿನ ನೀರಿನಿಂದ ತೊಳೆದು, ಒಂದು ಹಗಲು ಒಂದು ರಾತ್ರಿ ಒಣಗಲು ಬಿಡಬೇಕು; ಒಳಗೆ ನೀರಿದ್ದರೆ ಲೇಪವು ಇಳಿಯದು. ಅನೇಕ ಸೀಲರುಗಳಲ್ಲಿ ಬೆಂಕಿ ಹಿಡಿಯುವ ದ್ರಾವಕವಿರುವದರಿಂದ ಗ್ಯಾಸನ್ನು ಮುಚ್ಚಿ, ಕಿಡಿಕಿಗಳನ್ನು ತೆರೆದು, ದೀಪವನ್ನೂ ಹಚ್ಚದೆ ಕೆಲಸ ಮಾಡತಕ್ಕದ್ದು. ಮೆತ್ತಗಿನ ಅರಿವೆಯಿಂದ ತೆಳುವಾಗಿ ಸವರಿ, ಡಬ್ಬಿಯ ಮೇಲೆ ಹೇಳಿದಷ್ಟು ಮಿನಿಟು ಬಿಟ್ಟು, ಮೇಲುಳಿದದ್ದನ್ನು ಒಣಗುವ ಮೊದಲೇ ಪೂರ್ತಿಯಾಗಿ ಒರಸಿ ತೆಗೆಯಬೇಕು. ಕೆಲಸವು ಕೆಡುವದು ಬಹುಮಟ್ಟಿಗೆ ಇಲ್ಲಿಯೇ: ಹೆಚ್ಚು ಬಿಟ್ಟರೆ ಹೆಚ್ಚು ರಕ್ಷಣೆಯೆಂದು ಭ್ರಮಿಸುವರು. ತರುವಾಯ ಒಂದು ದಿನ ನೀರು ತಾಕಿಸಬಾರದು. ಆಹಾರಕ್ಕೆ ತಾಕಿದರೆ ಬಾಧಕವಿಲ್ಲವೆಂದು ಬರೆದ ಸೀಲರನ್ನೇ ಆರಿಸತಕ್ಕದ್ದು. ಮತ್ತೆ ಯಾವಾಗ ಬಳಿಯಬೇಕೆಂಬದನ್ನು ಪಂಚಾಂಗವನ್ನು ನೋಡದೆ ನೀರಿನ ಹನಿಯನ್ನೇ ಕೇಳಬೇಕು. ಸಾಮಾನ್ಯವಾಗಿ ಒಂದರಿಂದ ಮೂರು ವರ್ಷಗಳಿಗೆ ಅದು ಉತ್ತರ ಕೊಡುವದು.

ನಿತ್ಯದ ರಕ್ಷಣೆಗೆ ಬೆಚ್ಚಗಿನ ನೀರು, ಸೌಮ್ಯವಾದ ಸೋಪು, ಮೆತ್ತಗಿನ ಅರಿವೆ ಇಷ್ಟು ಸಾಕು. ಪಾಯಖಾನೆಗೆ ಹಾಕುವ ಆಸಿಡ್ಡನ್ನು ಕಟ್ಟೆಗೆ ತರಲೇಬಾರದು; ಬೆಣಚನ್ನು ಅದು ಕರಗಿಸದಿದ್ದರೂ ಕಲ್ಲಿನಲ್ಲಿರುವ ಕಬ್ಬಿಣದ ಅಂಶವನ್ನು ತಿಂದು ಬಣ್ಣ ಕೆಡಿಸುವದು. ತುಕ್ಕು ತೆಗೆಯುವ ಕೆಲವು ಔಷಧಗಳಲ್ಲಿರುವ ಹೈಡ್ರೊಫ್ಲೋರಿಕ್ ಆಮ್ಲವು ಗ್ರಾನೈಟನ್ನೇ ಕೊರೆಯುವದು, ಮನುಷ್ಯನಿಗೂ ಅತ್ಯಂತ ಘಾತುಕವು. ಕಾದ ಪಾತ್ರೆಯನ್ನು ಸಿಂಬಿಯ ಮೇಲೆಯೇ ಇಳಿಸಬೇಕು. ಗ್ರಾನೈಟು ಬಿಸಿಯನ್ನು ತಾಳಿದರೂ ಅದರ ಬಿರುಕುಗಳಲ್ಲಿ ಕಾರಖಾನೆಯವರು ತುಂಬಿದ ರಾಳವು ತಾಳದು. ಎಣ್ಣೆಯ ಕಲೆಗೆ ಅಡಿಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಕಲೆಯ ಮೇಲೆ ಮೆತ್ತಿ, ಒಂದು ರಾತ್ರಿ ಮುಚ್ಚಿಟ್ಟು, ಒಣಗಿದ ಮೇಲೆ ತೆಗೆಯುವದು. ಎಣ್ಣೆಯು ಕಲ್ಲನ್ನು ಬಿಟ್ಟು ಹಿಟ್ಟಿಗೆ ಏರುವದು. ಒಂದು ಸಲಕ್ಕೆ ಹೋಗದಿದ್ದರೆ ಮತ್ತೆ ಮಾಡಬೇಕು. ಅರಿಷಿಣದ ಕಲೆಯು ಸೋಪು ತಾಕಿದೊಡನೆ ಕೆಂಪಾಗುವದನ್ನು ಕಂಡು ಕೆಲವರು ಹೆದರುವರು. ಅರಿಷಿಣದ ನೀರಿಗೆ ಸುಣ್ಣ ಬೆರಸಿ ಓಕುಳಿ ಮಾಡಿದ ನಮ್ಮವರಿಗೆ ಇದು ಹೊಸದಲ್ಲ; ಕ್ಷಾರವು ಹೋದರೆ ಬಣ್ಣವೂ ಹಿಂದಿರುಗುವದು. ತಿಳಿ ಬಣ್ಣದ ಕಲ್ಲಾದರೆ ಔಷಧದ ಅಂಗಡಿಯ ಹೈಡ್ರೊಜನ್ ಪೆರಾಕ್ಸೈಡನ್ನು ಇದೇ ರೀತಿ ಮೆತ್ತಿ ತೆಗೆಯಬಹುದು. ಕರಿಯ ಕಲ್ಲಿಗೆ ಅದನ್ನು ಹಚ್ಚಬಾರದು.

ಕಟ್ಟೆಯನ್ನು ಕೂಡಿಸುವವನ ವಿಷಯವಾಗಿಯೂ ಒಂದು ಮಾತು. ಕಲ್ಲನ್ನು ಒಣಗಿದ್ದಂತೆಯೇ ಕೊಯ್ದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುವದು. ನೀರು ಬಿಟ್ಟು ಕೊಯ್ಯಿರೆಂದು ಹೇಳುವದೂ, ತಕ್ಕ ಮುಖಕವಚವನ್ನು ಒದಗಿಸುವದೂ ಮನೆಯ ಯಜಮಾನನ ಧರ್ಮವು. ಒಬ್ಬನ ಉಸಿರನ್ನು ಕೆಡಿಸಿದ ಕಟ್ಟೆಯ ಮೇಲೆ ಬೆಂದ ಅನ್ನವು ರುಚಿಸಲಾರದು.

ಕೊನೆಗೆ ಆಡೂರಿನ ಕಲ್ಲಿಗೆ ತಿರುಗುವೆವು. ಅಡಿಗೆಕಟ್ಟೆಗೆ ಹಿತವಾದ ಈ ಉಪಚಾರವನ್ನು ಸದುದ್ದೇಶದಿಂದಲೇ ಶಾಸನದ ಕಲ್ಲಿಗೂ ವೀರಗಲ್ಲಿಗೂ ಮಾಡಹೋಗುವವರುಂಟು. ಭಕ್ತಿಯಿಂದ ಎಣ್ಣೆ ಹೊಯ್ದು ಸುಣ್ಣ ಬಳಿದು ಅಕ್ಷರಗಳನ್ನು ಮುಚ್ಚಿಬಿಡುವದು ಹಳೆಯ ತಪ್ಪು. ಅದನ್ನು ಆಸಿಡ್ಡಿನಿಂದ ತೊಳೆದು, ಮೇಲೆ ಸೀಲರು ಹಚ್ಚಿ ಹೊಳೆಯಿಸುವದು ಹೊಸ ತಪ್ಪು. ನೆಲದಲ್ಲಿ ನಿಂತ ಕಲ್ಲು ಬುಡದಿಂದ ನೀರನ್ನೂ ಉಪ್ಪನ್ನೂ ಎಳೆದುಕೊಂಡು ಮೈಯಿಂದ ಆರಿಸಿಕೊಳ್ಳುವದು. ಮೈಯನ್ನು ಮುಚ್ಚಿದರೆ ಉಪ್ಪು ಒಳಗೇ ಹರಳುಗಟ್ಟಿ ಪದರನ್ನು ಎಬ್ಬಿಸುವದು. ಆ ಪದರಿನ ಸಂಗಡ ಅಕ್ಷರವೂ ಹೋಗುವದು. ಅಡಿಗೆಕಟ್ಟೆಯ ಕಲ್ಲು ಕೆಟ್ಟರೆ ಇನ್ನೊಂದನ್ನು ತರಬಹುದು. ದಾನಶಾಲೆಗೆ ಹೊಲ ಬಿಟ್ಟ ಗಾಮುಂಡನ ಮಾತು ಕೆಟ್ಟರೆ ಅದನ್ನು ಮತ್ತೆ ಬರೆಯುವವರಿಲ್ಲ. ಅಂಥ ಕಲ್ಲುಗಳನ್ನು ತಜ್ಞರ ಕೈಗೆ ಬಿಟ್ಟು, ನಾವು ದನ ಕಟ್ಟದಂತೆ, ಬಟ್ಟೆ ಒಗೆಯದಂತೆ, ಮೆಟ್ಟಿಲಿಗೆ ಹಾಕದಂತೆ ಕಾದರೆ ಅದೇ ದೊಡ್ಡ ಸೇವೆಯು.

ಯಾವ ಕಲ್ಲು, ಅದು ಏನನ್ನು ಕುಡಿಯುವದು, ಅದಕ್ಕೆ ಏನು ಹಿತವು ಎಂದು ಮೊದಲು ಕೇಳುವದು ನಮ್ಮ ಹಿರಿಯರ ಕೈಯಲ್ಲಿದ್ದ ವಿದ್ಯೆಯು. ಹೊಸ ಕಲ್ಲಿನ ಸಂಗಡ ಆ ಹಳೆಯ ವಿದ್ಯೆಯೂ ನಮ್ಮ ಮನೆಗಳಿಗೆ ಮರಳಿ ಬರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುವೆವು.